ಕರೆಂಟ್ ನಡುವೆ ಭೇದಿ: ಎರಡು ಪೊಟ್ಟಣಗಳ ಒಂದು ಪ್ರಕರಣ

ಕಿಬ್ಬೊಟ್ಟೆಗೆ ಕರೆಂಟ್ ಕೊಡಿಸಿಕೊಳ್ಳುವವರಲ್ಲಿ ತುಂಬಾ ಜನರಿಗೆ ಎರಡನೇ ಇಲ್ಲವೇ ಮೂರನೇ ವಾರಕ್ಕೆ ಹೊಟ್ಟೆ ಕೆಡುತ್ತದೆ. ರೇಡಿಯೋಥೆರಪಿಯನ್ನು ನಮ್ಮ ಬಳ್ಳಾರಿ ಕಡೆ ಕರೆಂಟ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹೊಟ್ಟೆ ಕೆಟ್ಟಾಗ ಮನೆಯವರು ಕೇಳುವುದು ಒಂದೇ: "ಇದಕ್ಕ ನಾಟಿ ಔಷಧಿ ಕೊಡಬೌದೇನ್ರಿ?" ಹೂಂ ಅಂತಲೋ ಬೇಡ ಅಂತಲೋ ಒಂದೇ ಮಾತಲ್ಲಿ ಹೇಳಿ ಕಳಿಸಿದರೆ, ಅವರು ಹೊರಗೆ ಹೋಗಿ ತಮಗೆ ಸರಿ ಕಂಡದ್ದನ್ನು ಮಾಡುತ್ತಾರೆ. ಅದಕ್ಕೇ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ನಾನು ಕ್ಯಾನ್ಸರ್ ವಾರ್ಡಿನ ನರ್ಸ್. ರೋಗಿಯ ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ರೋಗಿ ಮತ್ತು ಚಿಕಿತ್ಸೆ

52 ವರ್ಷದ ಅಮ್ಮ. ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿ. ಭತ್ತದ ಗದ್ದೆಯಲ್ಲಿ ನಾಟಿ, ಕಳೆ ತೆಗೆಯುವ ಕೂಲಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಿತ್ತು. ನಾಚಿಕೆಯಿಂದ ಕೆಲವು ತಿಂಗಳು ಯಾರಿಗೂ ಹೇಳಿರಲಿಲ್ಲ. ಸೊಸೆ ಬಟ್ಟೆ ಒಗೆಯುವಾಗ ನೋಡಿ, ಹಟ ಹಿಡಿದು ಕರೆದುಕೊಂಡು ಬಂದಳು. ಗರ್ಭಕೋಶದ ಬಾಯಿಯ ಕ್ಯಾನ್ಸರ್, 2ಬಿ ಹಂತ, ಅಂದರೆ ಪಕ್ಕದ ಅಂಗಾಂಶಕ್ಕೂ ಹಬ್ಬಿದ್ದು.

ಈ ಹಂತದಲ್ಲಿ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಕರೆಂಟೇ ಮುಖ್ಯ ಮದ್ದು. ವಾಸಿ ಮಾಡುವ ಉದ್ದೇಶದಿಂದಲೇ ಕೊಡುವುದು, ಸುಮ್ನೆ ನೋವು ತಗ್ಗಿಸಲು ಅಲ್ಲ. ಸೋಮವಾರದಿಂದ ಶುಕ್ರವಾರ ದಿನಕ್ಕೊಂದು ಸಲದಂತೆ 25 ಸಲ ಹೊರಗಿನಿಂದ. ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಅನ್ನುವ ಕಿಮೋ ಡ್ರಿಪ್. ಅದಾದ ಮೇಲೆ ಬ್ರಾಕಿಥೆರಪಿ, ಅಂದರೆ ಒಳಗಿನ ಕರೆಂಟ್, ಎರಡು ಸಲ. ಕಿಮೋವನ್ನೂ ಕರೆಂಟನ್ನೂ ಒಟ್ಟಿಗೆ ಕೊಟ್ಟರೆ ಬದುಕುವವರು ಜಾಸ್ತಿ ಎಂದು ಹಲವು ಅಧ್ಯಯನಗಳು ತೋರಿಸಿದ ಮೇಲೆ, 1999ರಿಂದ ಜಗತ್ತಿನ ಹೆಚ್ಚಿನ ಕಡೆ ಇದೇ ಮುಖ್ಯ ದಾರಿ.

ಇಲ್ಲೊಂದು ಲೆಕ್ಕವಿದೆ. ಈ ಪ್ರಕರಣದಲ್ಲಿ ಎಲ್ಲವೂ ಇದರ ಸುತ್ತಲೇ ತಿರುಗುತ್ತದೆ. ಹೊರಗಿನದು, ಒಳಗಿನದು ಎಲ್ಲ ಸೇರಿ 8 ವಾರದೊಳಗೆ, ಅಂದರೆ 56 ದಿನದೊಳಗೆ ಮುಗಿಯಬೇಕು. ಅದು ಮೀರಿ ಎಳೆದರೆ, ದಿನಕ್ಕೆ ಸುಮಾರು ಅರ್ಧದಿಂದ 1%ನಷ್ಟು ರೋಗದ ಮೇಲಿನ ಹಿಡಿತ ಸಡಿಲವಾಗುತ್ತದೆ. ನಾವು ಬಿಡುವು ಕೊಟ್ಟ ದಿನಗಳಲ್ಲಿ ಕ್ಯಾನ್ಸರ್ ಕಣಗಳು ಬಿಡುವು ತೆಗೆದುಕೊಳ್ಳುವುದಿಲ್ಲ, ಬೆಳೆಯುತ್ತಲೇ ಇರುತ್ತವೆ. ಭೇದಿ ಅಂದರೆ ಸಂಕಟ, ಸುಸ್ತು, ನಾಚಿಕೆ, ಎಲ್ಲ ನಿಜ. ಅದಕ್ಕಿಂತ ದೊಡ್ಡ ನಷ್ಟ ಎಂದರೆ ಭೇದಿಯಿಂದ ಕರೆಂಟ್ ತಪ್ಪುವುದು.

ಕರುಳಿನಲ್ಲಿ ಏನು ನಡೆಯುತ್ತದೆ

ಗರ್ಭಕೋಶದ ಬಾಯಿಗೆ ಗುರಿಯಿಟ್ಟ ಕಿರಣ ಪಕ್ಕದಲ್ಲಿರುವ ಸಣ್ಣ ಕರುಳಿಗೂ ತಾಗುತ್ತದೆ. ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಆ ಅಮ್ಮನಿಗೆ ನಾನು ಗದ್ದೆಯ ಲೆಕ್ಕದಲ್ಲೇ ಹೇಳಿದೆ. ಕರುಳಿನ ಬುಡದಲ್ಲಿ ಸಸಿಮಡಿ ಇದೆ, ಅಲ್ಲಿಂದ ಹೊಸ ಸಸಿ ಮೇಲೆ ಬಂದು ಹಳೆಯದರ ಜಾಗ ತುಂಬುತ್ತದೆ. ಕರೆಂಟು ಸಸಿಮಡಿಯನ್ನೇ ಸುಡುತ್ತದೆ. ಮೊದಲ ವಾರ ಮೇಲಿನ ಪೈರು ಹಾಗೇ ಕಾಣುತ್ತದೆ. ಎರಡು, ಮೂರನೇ ವಾರಕ್ಕೆ ಗದ್ದೆ ಬೋಳು. ತಕ್ಷಣ ಅರ್ಥವಾಯಿತು ಅವರಿಗೆ. "ಹಂಗಾರ ಮತ್ತ ಸಸಿ ಬರತೈತೋ ಇಲ್ಲೋ?" ಅಂತ ಕೇಳಿದರು. ಬರುತ್ತದೆ. ಕರೆಂಟ್ ಮುಗಿದ ಮೇಲೆ ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ಸರಿ ಹೋಗುತ್ತದೆ.

ಒಳಪದರ ತೆಳುವಾದಾಗ ಕರುಳು ನೀರು ಹೀರಿಕೊಳ್ಳುವುದಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಡಿಮೆಯಾಗುತ್ತದೆ, ಹಾಗಾಗಿ ಹಾಲು ಕುಡಿದರೆ ಹೊಟ್ಟೆ ಉಬ್ಬಿ ಇನ್ನೂ ನೀರಾಗುತ್ತದೆ. ಸಣ್ಣ ಕರುಳಿನ ತುದಿ ಪಿತ್ತರಸವನ್ನು ವಾಪಸ್ ಎಳೆದುಕೊಳ್ಳಬೇಕು. ಅದು ಆಗದೆ ಪಿತ್ತರಸ ದೊಡ್ಡ ಕರುಳಿಗೆ ಇಳಿದು ಅಲ್ಲಿಂದಲೂ ನೀರು ಹೊರಡಿಸುತ್ತದೆ. ಗಮನಿಸಬೇಕಾದದ್ದು, ಇಲ್ಲಿ ಸಾಮಾನ್ಯವಾಗಿ ಕ್ರಿಮಿ ಇಲ್ಲ. ಕೆಟ್ಟ ನೀರು ಕುಡಿದು ಬರುವ ಭೇದಿಯೇ ಬೇರೆ, ಇದೇ ಬೇರೆ. ಔಷಧಿ ಆರಿಸುವಾಗ ಈ ವ್ಯತ್ಯಾಸ ಬಹಳ ಮುಖ್ಯ.

ಮೂರನೇ ವಾರ

12ನೇ ಕರೆಂಟಿನ ದಿನ ಶುರುವಾಯಿತು. ದಿನಕ್ಕೆ ನಾಲ್ಕೈದು ಸಲ. ಡಾಕ್ಟರು ಲೋಪರಮೈಡ್ ಅನ್ನುವ, ಭೇದಿ ಕಟ್ಟುವ ಮಾತ್ರೆ ಬರೆದರು. ಮೊದಲು ಎರಡು ಮಾತ್ರೆ, ಅಂದರೆ 4 ಮಿ.ಗ್ರಾಂ. ಆಮೇಲೆ ಪ್ರತಿ ಸಲ ನೀರಾಗಿ ಹೋದಾಗ ಒಂದು, 2 ಮಿ.ಗ್ರಾಂ. ಒಂದು ದಿನಕ್ಕೆ 16 ಮಿ.ಗ್ರಾಂ ಮೀರಬಾರದು. ಜ್ವರ ಅಥವಾ ರಕ್ತ ಕಂಡರೆ ಮಾತ್ರೆ ನಿಲ್ಲಿಸಿ ಬರಬೇಕು. ಜೊತೆಗೆ ಓಆರ್‌ಎಸ್ ಪಾಕೀಟು.

ಶುಕ್ರವಾರ ಕೇಳಿದಾಗ "ಕಡಿಮಿ ಆಗೈತ್ರಿ" ಅಂದರು. ಬೇರೆ ಔಷಧಿ ಏನಾದರೂ ತಗೋತೀರಾ ಅಂತ ಕೇಸ್ ಶೀಟಿನಲ್ಲಿ ಒಂದು ಪ್ರಶ್ನೆ ಇರುತ್ತದೆ. ಅಲ್ಲಿ ಮೊದಲ ದಿನವೇ "ಇಲ್ಲ" ಎಂದು ಬರೆದಿತ್ತು.

ಸೋಮವಾರ 16ನೇ ಕರೆಂಟ್ ಆಗಬೇಕಿತ್ತು. ಬಸ್ಸಿಳಿದು ಬಂದವರು ಕಾಯುವ ಬೆಂಚಿನ ಮೇಲೆ ಹಾಗೇ ಒರಗಿಬಿಟ್ಟರು. ಏಪ್ರಿಲ್ ತಿಂಗಳು, ಬಳ್ಳಾರಿಯ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟಿತ್ತು. ನಾಲಿಗೆ ಒಣಗಿ ಬಿಳಿಯಾಗಿತ್ತು. ಕೈಯ ಚರ್ಮ ಚಿವುಟಿ ಬಿಟ್ಟರೆ ಹಾಗೇ ಎದ್ದು ನಿಲ್ಲುತ್ತಿತ್ತು. ಬಿಪಿ 88/60. ತೂಕ ಮೊದಲ ದಿನ 51 ಕಿಲೋ ಇದ್ದದ್ದು 46ಕ್ಕೆ ಇಳಿದಿತ್ತು. ಹಿಂದಿನ ದಿನ ಎಷ್ಟು ಸಲ ಹೋಗಿದ್ದರು ಅಂತ ಸೊಸೆ ಲೆಕ್ಕ ಹೇಳಿದಳು: ಒಂಬತ್ತೋ ಹತ್ತೋ. ದಿನನಿತ್ಯಕ್ಕಿಂತ 7 ಸಲ ಅಥವಾ ಅದಕ್ಕೂ ಜಾಸ್ತಿಯಾದರೆ ಅದನ್ನು 3ನೇ ದರ್ಜೆ ಎನ್ನುತ್ತಾರೆ, ಅಡ್ಮಿಟ್ ಮಾಡಬೇಕು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.8ರಿಂದ 1.9ಕ್ಕೆ ಏರಿತ್ತು. ಪೊಟ್ಯಾಸಿಯಂ 2.8. ಅಂದರೆ ಕಿಡ್ನಿಗೆ ಪೆಟ್ಟು ಬೀಳುತ್ತಿದೆ, ಹೃದಯದ ಬಡಿತಕ್ಕೂ ಅಪಾಯವಿದೆ. ಸಿಸ್ಪ್ಲಾಟಿನ್ ಕಿಡ್ನಿಗೆ ಮೊದಲೇ ಭಾರವಾದ ಔಷಧಿ. ಮೈಯಲ್ಲಿ ನೀರು ಇಲ್ಲದಾಗ ಅದನ್ನು ಕೊಡುವ ಹಾಗಿಲ್ಲ. ಆ ವಾರದ ಕಿಮೋ ನಿಂತಿತು. ಕರೆಂಟೂ ಆ ದಿನ ತಪ್ಪಿತು.

ಬಸ್ಸು, ನೀರು ಮತ್ತು ತುಂಬದ ಮೂತ್ರಚೀಲ

ಡ್ರಿಪ್ ಹಾಕಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಪಕ್ಕದಲ್ಲಿ ಕೂತು ಮಾತಾಡಿದೆ. ಮೊದಲು ಗೊತ್ತಾದದ್ದು ಬಸ್ಸಿನ ವಿಷಯ. ಊರಿಂದ ಬಳ್ಳಾರಿಗೆ ಬರುವುದೇ 50 ಕಿಲೋಮೀಟರಿಗೂ ಜಾಸ್ತಿ, ವಾಪಸ್ ಅಷ್ಟೇ. ಬಸ್ಸಿನಲ್ಲಿ ಸಂಡಾಸ ಬಂದರೆ ಏನು ಗತಿ? ಒಮ್ಮೆ ದಾರಿಯಲ್ಲಿ ಬಸ್ಸು ನಿಲ್ಲಿಸಿ ಅಂತ ಕೇಳಿ ಎಲ್ಲರ ಮುಂದೆ ಇಳಿಯಬೇಕಾಗಿ ಬಂದಿತ್ತು. ಅವತ್ತಿನಿಂದ ಬೆಳಗ್ಗೆ ಎದ್ದು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ, ಊಟವೂ ಇಲ್ಲ. ಓಆರ್‌ಎಸ್ ಪಾಕೀಟು ಮನೆಯ ಗೂಡಿನಲ್ಲಿ ಹಾಗೇ ಇತ್ತು. ನೀರಿನಂಥದ್ದು ಕುಡಿದರೆ ನೀರಾಗಿಯೇ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಯಾರಿಗಾದರೂ ಹಾಗೇ ಅನ್ನಿಸುತ್ತದೆ ಅಲ್ವಾ.

ನೀರು ಬಿಟ್ಟದ್ದರಿಂದ ಇನ್ನೊಂದು ತೊಂದರೆಯೂ ಆಯಿತು. ಕಿಬ್ಬೊಟ್ಟೆಗೆ ಕರೆಂಟ್ ಕೊಡುವ ಮುಂಚೆ ನೀರು ಕುಡಿಸಿ, ಮೂತ್ರ ತಡೆದುಕೊಂಡು ಮಲಗಲು ಹೇಳುತ್ತೇವೆ. ತುಂಬಿದ ಮೂತ್ರಚೀಲ ಸಣ್ಣ ಕರುಳನ್ನು ಮೇಲಕ್ಕೆ ತಳ್ಳುತ್ತದೆ, ಕಿರಣದ ದಾರಿಯಿಂದ ಆಚೆ. ಚೀಲ ಖಾಲಿ ಇದ್ದರೆ ಕರುಳು ಕೆಳಗೆ ಜಾರಿ ಕಿರಣದೊಳಗೇ ಬಂದು ಬೀಳುತ್ತದೆ. ಭೇದಿಯ ಭಯಕ್ಕೆ ನೀರು ಬಿಟ್ಟರು. ನೀರು ಬಿಟ್ಟದ್ದಕ್ಕೆ ಕರುಳಿಗೆ ಕರೆಂಟ್ ಜಾಸ್ತಿ ತಾಗಿತು. ಅದರಿಂದ ಭೇದಿ ಇನ್ನಷ್ಟು. ಕರೆಂಟ್ ಶುರುವಾಗುವ ದಿನವೇ ಇದನ್ನು ಬಿಡಿಸಿ ಹೇಳದೆ, "ನೀರು ಕುಡ್ಕೊಂಡು ಬನ್ನಿ" ಅಂತ ಮಾತ್ರ ಹೇಳಿದರೆ ಯಾರೂ ಅದನ್ನು ದೊಡ್ಡ ವಿಷಯ ಅಂದುಕೊಳ್ಳುವುದಿಲ್ಲ.

ಸೆರಗಿನಿಂದ ಹೊರಬಂದ ಪೊಟ್ಟಣಗಳು

ಅಡ್ಮಿಟ್ ಆದ ದಿನ ಸಂಜೆ ಮತ್ತೆ ಕೇಳಿದೆ. ಈ ಸಲ ಔಷಧಿ ಅಂತ ಕೇಳಲಿಲ್ಲ. "ಅವ್ವಾ, ಪುಡಿ ಗಿಡಿ, ಕಷಾಯ, ಬೇರು, ಎಲಿ, ಏನರ ತಗೊಂಡೀಯೇನು? ಬೈಯಂಗಿಲ್ಲ, ಹೇಳು."

ಸೊಸೆ ಅತ್ತೆಯ ಮುಖ ನೋಡಿದಳು. ಅಮ್ಮ ಸೆರಗಿನ ಗಂಟು ಬಿಚ್ಚಿ, ಪೇಪರಿನಲ್ಲಿ ಸುತ್ತಿದ ಎರಡು ಪೊಟ್ಟಣ ಹಾಸಿಗೆ ಮೇಲಿಟ್ಟರು. "ತಮ್ಮ ತಂದುಕೊಟ್ಟಾನ್ರಿ. ನಿಮಗ ಹೇಳಿದ್ರ ಕರೆಂಟ ನಿಲ್ಲಿಸ್ತೀರಿ ಅಂತ ಹೇಳ್ಲಿಲ್ಲ."

ಒಂದು ಪೊಟ್ಟಣ ಎರಡನೇ ವಾರದಿಂದ ನಡೆಯುತ್ತಿತ್ತು. ಹಸಿರು ಮಿಶ್ರಿತ ಕಂದು ಪುಡಿ, ರಾತ್ರಿ ಮಲಗುವಾಗ ಬಿಸಿನೀರಲ್ಲಿ ಒಂದು ಚಮಚ. ಕರೆಂಟಿನ ಕಾವು ಮೈಯಿಂದ ಇಳಿಯಲಿ, ರಕ್ತ ಶುದ್ಧಿಯಾಗಲಿ ಅಂತ. ಇನ್ನೊಂದು, ಭೇದಿ ಶುರುವಾದ ಮೇಲೆ ಬಂದದ್ದು. ಕೆಂಪು ಛಾಯೆಯ ಒರಟು ಪುಡಿ, ಕುದಿಸಿ ಕಷಾಯ ಮಾಡಿ ದಿನಕ್ಕೆ ಎರಡು ಸಲ. ಎರಡೂ ಸೇರಿ 1,800 ರೂಪಾಯಿ. ಕರೆಂಟು, ಕಿಮೋ ಎಲ್ಲ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ನಡೆಯುತ್ತಿತ್ತು. ಈ ದುಡ್ಡು ಮಾತ್ರ ಕೈಯಿಂದ.

ಮಾತ್ರೆ? ಎರಡು ದಿನ ತಗೊಂಡು ಬಿಟ್ಟಿದ್ದರು. "ಒಳಗಿನ ವಿಷ ಹೊರಗ ಹೋಗ್ಲಿಕ್ಕ ಹತ್ತೈತಿ, ಕಟ್ಟಿದ್ರ ಒಳಗ ಉಳೀತೈತಿ" ಅಂತ ಊರಲ್ಲಿ ಹೇಳಿದ್ದರು.

ನಮ್ಮ ಜೊತೆ ಕೆಲಸ ಮಾಡುವ, ಆಯುರ್ವೇದ ಓದಿದ ವೈದ್ಯೆಯೊಬ್ಬರನ್ನು ಕರೆದು ಪುಡಿ ತೋರಿಸಿದೆ. ಬಳ್ಳಾರಿಯಲ್ಲಿ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೇ ಇದೆ. ಈ ಸೀಮೆಗೆ ಆಯುರ್ವೇದ ಹೊಸದಲ್ಲ, ಓದಿದವರಿಗೂ ಕೊರತೆಯಿಲ್ಲ. ಅವರು ಹಸಿರು ಪುಡಿಯನ್ನು ಬಿಳಿ ಹಾಳೆ ಮೇಲೆ ಹರಡಿ, ಬೆರಳಿಂದ ಸರಿಸಿ, ಪೂರ್ತಿ ಪುಡಿಯಾಗದ ಎಲೆಯ ಚೂರುಗಳನ್ನು ಬೇರೆ ಮಾಡಿದರು. ಮೂಸಿದರು. ನಾಲಿಗೆ ತುದಿಗೆ ಚೂರು ತಾಗಿಸಿ ಉಗಿದರು. "ಇದು ಸೋನಾಮುಖಿ. ಜೊತೆಗೆ ಅಳಲೆಕಾಯಿ ಇದ್ದ ಹಾಗಿದೆ." ಆಮೇಲೆ ತಮ್ಮನಿಂದ ನಂಬರ್ ತೆಗೆದುಕೊಂಡು ಪುಡಿ ಕೊಟ್ಟ ನಾಟಿ ವೈದ್ಯರಿಗೇ ಫೋನ್ ಮಾಡಿದರು. ಹೌದು, ಸೋನಾಮುಖಿ ಇದೆ, ಹೊಟ್ಟೆ ಶುದ್ಧಿಗೆ ಅಂತ ಅವರೇ ಒಪ್ಪಿದರು. ಎರಡನೇ ಪೊಟ್ಟಣದಲ್ಲಿ ಒಣಗಿದ ಬಿಲ್ವದ ಎಳೆಕಾಯಿ, ದಾಳಿಂಬೆ ಸಿಪ್ಪೆ, ಕೊಡಸಿಗದ ತೊಗಟೆ, ತುಂಗೆಗಡ್ಡೆ.

ಅಂದರೆ ಆ ಅಮ್ಮ ರಾತ್ರಿ ಭೇದಿ ಮಾಡಿಸುವ ಪುಡಿ ಕುಡಿದು, ಹಗಲು ಭೇದಿ ಕಟ್ಟುವ ಕಷಾಯ ಕುಡಿಯುತ್ತಿದ್ದರು. ನಡುವೆ ಕರೆಂಟು. ಎಷ್ಟು ಪಾಲು ಕಿರಣದ್ದು, ಎಷ್ಟು ಪಾಲು ಸೋನಾಮುಖಿಯದ್ದು ಅಂತ ತೂಗಿ ಹೇಳಲಾಗದು. ಆದರೆ ಒಳಪದರ ಸುಟ್ಟ ಕರುಳಿಗೆ ರೇಚಕ ಕೊಟ್ಟರೆ ಒಳ್ಳೆಯದಾಗುವುದಿಲ್ಲ ಎಂಬುದರಲ್ಲಿ ಅಲೋಪತಿಗೂ ಆಯುರ್ವೇದಕ್ಕೂ ಭಿನ್ನಾಭಿಪ್ರಾಯವಿಲ್ಲ.

ಸೋನಾಮುಖಿ ಕೆಟ್ಟದ್ದಲ್ಲ. ಮಲಬದ್ಧತೆಗೆ ನಾವೇ ವಾರ್ಡಿನಲ್ಲಿ ಕೊಡುತ್ತೇವೆ, ಮಾರ್ಫಿನ್ ತೆಗೆದುಕೊಳ್ಳುವವರಿಗೆ ಬಹಳ ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಯಾವ ಹೊತ್ತಿಗೆ, ಯಾರಿಗೆ ಅನ್ನುವುದು ತಪ್ಪಿತು ಅಷ್ಟೇ.

"ವಿಷ ಹೋಗಲಿ, ಕಟ್ಟಬೇಡಿ" ಅನ್ನುವ ಮಾತಿಗೂ ಮೂಲವಿದೆ. ಆಯುರ್ವೇದದಲ್ಲಿ ಅಜೀರ್ಣದಿಂದ ಬಂದ ಅತಿಸಾರವನ್ನು (ಭೇದಿಯನ್ನು), ಆಮ ಅಂದರೆ ಅರಗದೆ ಉಳಿದದ್ದು ಒಳಗೆ ಇರುವಾಗ, ಶುರುವಿನಲ್ಲೇ ಕಟ್ಟಬಾರದು ಎಂದು ಚರಕ ಸಂಹಿತೆಯೇ ಹೇಳುತ್ತದೆ. ಆ ವೈದ್ಯೆ ಅಮ್ಮನ ಹಾಸಿಗೆ ಪಕ್ಕ ನಿಂತು ತಿಳಿಸಿ ಹೇಳಿದರು: "ಆ ಮಾತು ಕೆಟ್ಟದ್ದು ತಿಂದು ಬಂದ ಭೇದಿಗ್ರಿ. ನಿಮಗ ತಿಂದದ್ರಿಂದ ಬಂದಿಲ್ಲ, ಕರುಳು ಸುಟ್ಟು ಬಂದೈತಿ. ಒಳಗ ವಿಷ ಏನೂ ಇಲ್ಲ. ಹೋಗ್ತಿರೋದು ನಿಮ್ಮ ಮೈನ ನೀರು, ಉಪ್ಪು." ನಾನು ಹೇಳಿದ್ದಕ್ಕಿಂತ ಅವರು ಹೇಳಿದ್ದು ಹತ್ತು ಪಟ್ಟು ಕೆಲಸ ಮಾಡಿತು. ಆಮೇಲೆ ಮಾತ್ರೆ ಬೇಡ ಅನ್ನಲಿಲ್ಲ.

ವಾರ್ಡಿನಲ್ಲಿ ಮಾಡಿದ್ದು

ಎರಡೂ ಪೊಟ್ಟಣ ನಿಲ್ಲಿಸಿದರು. ಸಲೈನ್, ಪೊಟ್ಯಾಸಿಯಂ ಡ್ರಿಪ್. ಬಿಳಿ ರಕ್ತಕಣ ಕಡಿಮೆಯಾಗಿದೆಯಾ, ಮಲದಲ್ಲಿ ಸೋಂಕು ಇದೆಯಾ ನೋಡಿದರು. ಇರಲಿಲ್ಲ, ಹಾಗಾಗಿ ಆಂಟಿಬಯಾಟಿಕ್ ಕೊಡಲಿಲ್ಲ. ಲೋಪರಮೈಡ್ ಸರಿಯಾದ ಲೆಕ್ಕದಲ್ಲಿ ಮತ್ತೆ ಶುರು. ಇದಕ್ಕೂ ಬಗ್ಗದಿದ್ದರೆ ಆಕ್ಟ್ರಿಯೋಟೈಡ್ ಇಂಜೆಕ್ಷನ್ ಕೊಡಬೇಕು ಅಂತ ತೆಗೆದಿಟ್ಟುಕೊಂಡಿದ್ದರು, ಬೇಕಾಗಲಿಲ್ಲ.

ಓಆರ್‌ಎಸ್ ಬಗ್ಗೆ ಎರಡು ಮಾತು ಹೇಳಲೇಬೇಕು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಬಂಗಾಳದ ಗಡಿಯ ಬನಗಾಂವ್‌ಗೆ ಬಂದಾಗ ಕಾಲರಾ ಹರಡಿತ್ತು. ಡ್ರಿಪ್ ಬಾಟಲಿ ಸಾಕಾಗಲಿಲ್ಲ. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ಸುಮಾರು 30%ದಿಂದ 4%ಕ್ಕೂ ಕೆಳಗೆ ಇಳಿಯಿತು. ಗ್ಲೂಕೋಸ್ ಜೊತೆ ಇದ್ದಾಗ ಕರುಳು ಉಪ್ಪನ್ನು ಒಳಗೆಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಪಾಕೀಟಿನ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ರುಚಿಗೆ ಅಂತ ಸಕ್ಕರೆ ಜಾಸ್ತಿ ಹಾಕಿದರೆ ಭೇದಿ ಜಾಸ್ತಿಯೇ ಆಗುತ್ತದೆ. ಭೇದಿಗೆ ಇಂಗ್ಲಿಷ್ ಔಷಧಿ ಎಂದರೆ ಜನ ಮಾತ್ರೆ ಅಂದುಕೊಳ್ಳುತ್ತಾರೆ. ಜೀವ ಉಳಿಸುವುದು ಈ ನೀರು.

ಒಂದು ಲೀಟರ್ ಬಾಟಲಿಯ ಮೇಲೆ ಪೆನ್ನಿಂದ ಗೆರೆ ಎಳೆದು ಸೊಸೆಗೆ ಕೊಟ್ಟೆ. ಹತ್ತು ಗಂಟೆಗೆ ಇಲ್ಲಿಗೆ, ಮಧ್ಯಾಹ್ನ ಇಲ್ಲಿಗೆ ಇಳಿದಿರಬೇಕು ಅಂತ. ಹೋದ ಸಲಕ್ಕೆಲ್ಲ ಗೋಡೆ ಕ್ಯಾಲೆಂಡರಿನ ಹಿಂದೆ ಗೀಟು ಹಾಕಲು ಹೇಳಿದೆ.

ಊಟಕ್ಕೆ ಗಂಜಿ, ಮೆತ್ತಗೆ ಬೆಂದ ಅನ್ನ, ಬೇಳೆ ಕಟ್ಟು, ಬಾಳೆಹಣ್ಣು, ಉಪ್ಪು ಹಾಕಿದ ತಿಳಿ ಮಜ್ಜಿಗೆ. ಹಾಲು, ಚಹಾ ಬೇಡ. ಹೆಪ್ಪು ಹಾಕುವಾಗ ಹಾಲಿನ ಸಕ್ಕರೆ ಸ್ವಲ್ಪ ಕಡಿಮೆಯಾಗಿರುತ್ತದೆ, ಅದಕ್ಕೇ ಹಾಲು ಒಗ್ಗದವರಿಗೂ ಮಜ್ಜಿಗೆ ಒಗ್ಗುತ್ತದೆ. ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ, ಖಾರದ ಶೇಂಗಾ ಚಟ್ನಿ ಭೇದಿ ಜೋರಾಗಿ ಇರುವಷ್ಟು ದಿನ ಮಾತ್ರ ಬಿಡಿ ಅಂದೆವು. ಕರೆಂಟ್ ಶುರುವಾದ ದಿನದಿಂದಲೇ ನಾರಿನ ಆಹಾರವನ್ನೆಲ್ಲ ಬಿಡಿ ಅನ್ನುವ ಹಳೆಯ ಸಲಹೆಗೆ ಬಲವಿಲ್ಲ. 2017ರಲ್ಲಿ ಬಂದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ನಾರು ಜಾಸ್ತಿ ತಿಂದವರ ಕರುಳೇ ಕರೆಂಟಿನ ಕಾಲದಲ್ಲೂ ಆಮೇಲೂ ಚೆನ್ನಾಗಿತ್ತು. ಜೋಳದ ರೊಟ್ಟಿ ಇಲ್ಲದೆ ಐದು ವಾರ ಬದುಕು ಅಂತ ನಮ್ಮ ಕಡೆಯವರಿಗೆ ಹೇಳುವುದು ಶಿಕ್ಷೆಯೇ ಸರಿ. ಕಾರಣವಿಲ್ಲದೆ ಆ ಶಿಕ್ಷೆ ಕೊಡಬಾರದು.

ಬುಧವಾರಕ್ಕೆ ಮೂರು ಸಲಕ್ಕೆ ಇಳಿಯಿತು. ಪೊಟ್ಯಾಸಿಯಂ 3.7. ಗುರುವಾರ 16ನೇ ಕರೆಂಟ್ ಆಯಿತು. ತಪ್ಪಿದ್ದು ಮೂರು.

ನಾಟಿ ಔಷಧಿಯ ಪರವಾಗಿ, ವಿರುದ್ಧವಾಗಿ

ತಮ್ಮ ಬಂದಿದ್ದ. ಸಿಟ್ಟಿನಲ್ಲಿದ್ದ. ಅಕ್ಕನ ಮೇಲಿನ ಪ್ರೀತಿಗೆ ಸಾಲ ಮಾಡಿ ಪುಡಿ ತಂದವನನ್ನು ಎಲ್ಲರೂ ಕಳ್ಳನಂತೆ ನೋಡಿದರೆ ಸಿಟ್ಟು ಬಾರದೆ ಇರುತ್ತದಾ? "ಎರಡನೇ ಪುಡಿಯೊಳಗ ಏನ್ ತಪ್ಪೈತ್ರಿ? ಬಿಲ್ವಕಾಯಿ, ದಾಳಿಂಬಿ ಸಿಪ್ಪಿ ನಮ್ಮಜ್ಜಿನೂ ಕೊಡ್ತಿದ್ಲು" ಅಂದ. ನ್ಯಾಯವಾದ ಪ್ರಶ್ನೆ. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬಿಲ್ವದ ಎಳೆಕಾಯಿಯಲ್ಲಿ, ದಾಳಿಂಬೆ ಸಿಪ್ಪೆಯಲ್ಲಿ ಒಗರು ಅಂಶ ಟ್ಯಾನಿನ್ ಇದೆ. ಅದು ಕರುಳಿನ ಸ್ರಾವ ತಗ್ಗಿಸಬಲ್ಲದು. ಕೊಡಸಿಗದ ತೊಗಟೆಯಲ್ಲಿ ಕೊನೆಸಿನ್ ಎಂಬ ಅಂಶವಿದೆ, ಅಮೀಬಾ ಭೇದಿಗೆ ಅದು ಹಳೆಯ ಔಷಧಿ. ಆದರೆ ಇಲ್ಲಿ ಅಮೀಬಾ ಇಲ್ಲ. ಅಜ್ಜಿ ಕೊಟ್ಟಾಗ ಮೊಮ್ಮಗನ ಮೈಯಲ್ಲಿ ಸಿಸ್ಪ್ಲಾಟಿನ್ ಇರಲಿಲ್ಲ, ಕಿಡ್ನಿ ಗಟ್ಟಿಯಾಗಿತ್ತು, ಎರಡು ದಿನ ಕಾದು ನೋಡಲು ಸಮಯವಿತ್ತು.

ಕರೆಂಟಿನ ಭೇದಿಗೆ ಗಿಡಮೂಲಿಕೆ ಕೊಟ್ಟು ನೋಡಿದ ಅಧ್ಯಯನಗಳು ಇವೆ, ಚೀನಾದಲ್ಲಿ ಹೆಚ್ಚು. ಕೆಲವು ಒಳ್ಳೆಯ ಫಲ ಬಂತು ಎನ್ನುತ್ತವೆ. ತೊಂದರೆ ಏನೆಂದರೆ ಹೆಚ್ಚಿನವು ಸಣ್ಣವು. ಯಾರಿಗೆ ಯಾವ ಔಷಧಿ ಹೋಗುತ್ತಿದೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಿರುವಂತೆ ನಡೆಸಿದವು. ಒಬ್ಬೊಬ್ಬರ ಮಿಶ್ರಣ ಒಂದೊಂದು. ಹಾಗಾಗಿ ಒಂದರ ಫಲವನ್ನು ಇನ್ನೊಂದಕ್ಕೆ ಹಚ್ಚಲು ಬರುವುದಿಲ್ಲ. ಚೀನಾದ ಕಷಾಯಕ್ಕೆ ಬಂದ ಫಲ ಸಿರುಗುಪ್ಪದ ಪೊಟ್ಟಣಕ್ಕೆ ಸಾಕ್ಷಿಯಾಗುವುದಿಲ್ಲ.

ಆದರೆ ಇದೇ ಕಟ್ಟುನಿಟ್ಟು ನಮ್ಮ ಔಷಧಿಗಳಿಗೂ ಇರಬೇಕು, ಇದೆ. ಸುಕ್ರಾಲ್ಫೇಟ್ ಅನ್ನುವ ಔಷಧಿಯನ್ನು ಕರುಳಿಗೆ ಲೇಪ ಕಟ್ಟಿ ಕಾಯುತ್ತದೆ ಅಂತ ಕರೆಂಟ್ ತೆಗೆದುಕೊಳ್ಳುವವರಿಗೆ ಕೊಟ್ಟು ನೋಡಿದರು. ಪರೀಕ್ಷೆ ಮಾಡಿದಾಗ ಲಾಭ ಕಾಣಲಿಲ್ಲ, ಕೆಲವರಿಗೆ ತೊಂದರೆ ಜಾಸ್ತಿಯಾಯಿತು. ಈಗ ಕೊಡಬೇಡಿ ಅನ್ನುತ್ತಾರೆ. ಕಿಬ್ಬೊಟ್ಟೆಯ ಕರೆಂಟಿನ ತೊಂದರೆ ತಗ್ಗಿಸುವ ಉಪಾಯಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಕೊಕ್ರೇನ್ ಅನ್ನುವ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಅಂತರರಾಷ್ಟ್ರೀಯ ಸಂಸ್ಥೆ ಒಂದು ದೊಡ್ಡ ವರದಿ ತಂದಿತು. ಅದರಲ್ಲಿ ಹೆಚ್ಚು ಭರವಸೆಯಿಂದ ಹೇಳಲಾದದ್ದು ಮಾತ್ರೆಯ ಬಗ್ಗೆ ಅಲ್ಲ. ಕಿರಣವನ್ನು ಗಡ್ಡೆಯ ಆಕಾರಕ್ಕೆ ಹೊಂದಿಸಿ ಕೊಡುವ ಹೊಸ ವಿಧಾನಗಳ ಬಗ್ಗೆ. ಕರುಳಿಗೆ ತಾಗುವುದೇ ಕಡಿಮೆಯಾದರೆ ಭೇದಿಯೂ ಕಡಿಮೆ.

ಗಿಡದಿಂದ ಬಂದದ್ದಕ್ಕೆಲ್ಲ ಆಸ್ಪತ್ರೆ ಬಾಗಿಲು ಹಾಕಿದೆ ಅಂತಲೂ ಅಲ್ಲ. ಇಸಬಗೋಲು ಗಿಡದ ಬೀಜದ ಹೊಟ್ಟೇ ತಾನೆ? ಅದು ನೀರು ಹೀರಿ ಲೋಳೆಯಾಗಿ ಮಲವನ್ನು ಕಟ್ಟುತ್ತದೆ. ಕರೆಂಟಿನ ಭೇದಿಗೆ ಅದು ಸಹಾಯ ಮಾಡಿದ್ದನ್ನು ಸಣ್ಣ ಅಧ್ಯಯನದಲ್ಲಿ ನೋಡಿದ್ದಾರೆ. ಈ ಅಮ್ಮನಿಗೂ ಐದನೇ ವಾರದಿಂದ ಡಾಕ್ಟರೇ ಬರೆದರು, ಮಜ್ಜಿಗೆಯಲ್ಲಿ ಒಂದು ಚಮಚ. ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಸೂಕ್ಷ್ಮಜೀವಿ ಇರುವ ಪ್ರೋಬಯಾಟಿಕ್ ಔಷಧಿ ಕೂಡ ಭೇದಿ ತಡೆಯಲು ಕೊಡಬಹುದು ಅಂತ ಕ್ಯಾನ್ಸರ್ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿ ರಕ್ತಕಣ ತುಂಬಾ ಬಿದ್ದವರಿಗೆ ಮಾತ್ರ ಎಚ್ಚರಿಕೆ ಬೇಕು.

ನನಗೆ ಹೆಚ್ಚು ಭಯವಾಗುವುದು ಪೊಟ್ಟಣದ ಮೇಲೆ ಏನೂ ಬರೆದಿರುವುದಿಲ್ಲ ಅನ್ನುವುದು. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನ ತರಿಸಿ ಪರೀಕ್ಷಿಸಿದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಅವು ಲೇಬಲ್ ಇದ್ದ ಡಬ್ಬಿಗಳು. ಈ ಮೂರೂ ಕಿಡ್ನಿಗೆ ವೈರಿಗಳು, ಸಿಸ್ಪ್ಲಾಟಿನ್ನಿನ ಜೊತೆ ಸೇರಿದರೆ ಕೇಳುವುದೇ ಬೇಡ. ನಮ್ಮ ಈ ಪುಡಿಗಳನ್ನು ಲ್ಯಾಬಿಗೆ ಕಳಿಸಿಲ್ಲ, ಅವುಗಳಲ್ಲಿ ಅಂಥದ್ದು ಇತ್ತು ಅಂತ ನಾನು ಹೇಳುತ್ತಿಲ್ಲ.

ತಮ್ಮ ಪೂರ್ತಿ ಒಪ್ಪಿದ ಅಂತ ಹೇಳಲಾರೆ. ಆದರೆ ಕರೆಂಟ್ ಮುಗಿಯುವ ತನಕ ಏನು ತಂದರೂ ಮೊದಲು ನಮಗೆ ತೋರಿಸುತ್ತೇನೆ ಅಂದ. ತೋರಿಸಿದ ಕೂಡಲೇ ನಾವು ಕರೆಂಟ್ ನಿಲ್ಲಿಸುವುದಿಲ್ಲ ಅಂತ ಡಾಕ್ಟರೂ ಅವನ ಮುಂದೆಯೇ ಹೇಳಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಅದು. ಪುಡಿ ಕುಡಿದದ್ದಕ್ಕಿಂತ ಜಾಸ್ತಿ ಹಾನಿ ಮಾಡಿದ್ದು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳಬೇಕಾದ ಹೆದರಿಕೆ. ಗೊತ್ತಿದ್ದರೆ ಮೂರನೇ ವಾರದ ಶುಕ್ರವಾರವೇ ಸೋನಾಮುಖಿ ನಿಲ್ಲುತ್ತಿತ್ತು.

ಮುಗಿದ ರೀತಿ

ಬಸ್ಸಿನ ಸಮಸ್ಯೆಗೆ ಔಷಧಿಯಿಂದ ಉತ್ತರವಿಲ್ಲ. ಬಳ್ಳಾರಿಯಲ್ಲೇ ಸೊಸೆಯ ತವರಿನ ಕಡೆಯವರ ಮನೆಯಲ್ಲಿ ಉಳಿದ ದಿನಗಳಿಗೆ ಜಾಗ ಮಾಡಿಕೊಂಡರು. ದೂರದಿಂದ ಓಡಾಡುವ ರೋಗಿಗಳಿಗೆ ಆಸ್ಪತ್ರೆ ಹತ್ತಿರ ತಂಗಲು ಜಾಗವಿದ್ದರೆ ಎಷ್ಟೋ ಕರೆಂಟ್ ತಪ್ಪುವುದಿಲ್ಲ. ಭೇದಿಯ ಚಿಕಿತ್ಸೆ ಎಂದರೆ ಅದೂ ಸೇರಿದ್ದೇ.

ಐದನೇ ವಾರ ಕ್ರಿಯಾಟಿನಿನ್ 1.0ಕ್ಕೆ ಬಂದ ಮೇಲೆ ಕಿಮೋ ಕೊಟ್ಟರು. ತಪ್ಪಿದ ದಿನ ತುಂಬಲು ಆ ಶನಿವಾರವೂ ಕರೆಂಟ್ ನಡೆಯಿತು. 25ನೆಯದು 37ನೇ ದಿನ ಮುಗಿಯಿತು. ಒಳಗಿನ ಕರೆಂಟ್ 44 ಮತ್ತು 51ನೇ ದಿನ. 56ರ ಒಳಗೇ. ಭೇದಿ ಪೂರ್ತಿ ನಿಲ್ಲಲು ಕರೆಂಟ್ ಮುಗಿದು ಸುಮಾರು ಮೂರು ವಾರ ಹಿಡಿಯಿತು. ಆಮೇಲೆ ರೊಟ್ಟಿ ಶುರು ಮಾಡಿದರು, ಮೊದಲು ಮಜ್ಜಿಗೆಯಲ್ಲಿ ನೆನೆಸಿ.

ಮೂರು ತಿಂಗಳ ತಪಾಸಣೆಯಲ್ಲಿ ಗಡ್ಡೆ ಕಾಣಲಿಲ್ಲ. ತೂಕ 49. ಡಾಕ್ಟರು ಇನ್ನೊಂದು ಮಾತು ಸೊಸೆಗೂ ತಮ್ಮನಿಗೂ ಕೂರಿಸಿ ಹೇಳಿದ್ದಾರೆ. ಕರೆಂಟಿನ ಪರಿಣಾಮ ಕರುಳಿನಲ್ಲಿ ತಿಂಗಳು, ವರ್ಷಗಳ ನಂತರವೂ ತಲೆ ಎತ್ತಬಹುದು. ಮಲದಲ್ಲಿ ರಕ್ತ, ತಡೆಯಲಾಗದ ಅವಸರ, ಹೊಟ್ಟೆ ಉಬ್ಬಿ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಮೂಲವ್ಯಾಧಿ ಅಂದುಕೊಂಡು ಮನೆಯಲ್ಲಿ ಪುಡಿ ಕೊಡುತ್ತಾ ಕೂರಬಾರದು, ನೇರ ಬರಬೇಕು. ಬರುವಾಗ ಏನೇನು ತಗೊಂಡಿದ್ದಾರೋ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಬರಬೇಕು.